ಲೇಆಫ್ ಬರುವ ಮುಂಚೆ ಆಫೀಸಿನಲ್ಲಿ ಏನೇನು ಬದಲಾಗುತ್ತದೆ? ನೋಡಿದವರು ಹೇಳಿ

ಸಾಲುಮರ

ಎಲ್ಲರಿಗೂ ನಮಸ್ಕಾರ. ನಾನು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ತಂಡದಲ್ಲಿದ್ದೇನೆ. ಲೇಆಫ್, ಅಂದರೆ ಕಂಪನಿಯೇ ಒಟ್ಟಿಗೆ ಜನರನ್ನು ಕೆಲಸದಿಂದ ತೆಗೆಯುವುದು, ಅಂತ ಯಾರೂ ಬಾಯಿ ಬಿಟ್ಟಿಲ್ಲ. ಆದರೂ ಇತ್ತೀಚೆಗೆ ಏನೋ ಸರಿ ಇಲ್ಲ ಅನ್ನಿಸುತ್ತಿದೆ.

ತಂಡದಿಂದ ಇಬ್ಬರು ಬಿಟ್ಟುಹೋದರು. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಕೇಳಿದರೆ "ಮುಂದಿನ ಕ್ವಾರ್ಟರ್ (ಮೂರು ತಿಂಗಳ ಅವಧಿ) ನೋಡೋಣ" ಅಂತಾರೆ. ಮ್ಯಾನೇಜರ್ ತಾವೇ ಒಪ್ಪಿದ್ದ ಒಂದು ಟ್ರೈನಿಂಗ್ ಮೇಲಿನವರ ಹತ್ತಿರ ಹೋಗಿ ವಾಪಸ್ ಬಂತು. ಕಳೆದ ವಾರ ಎಲ್ಲರಿಗೂ ಒಂದು ಎಕ್ಸೆಲ್ ಶೀಟ್ ಬಂದಿದೆ. ಮೊದಲ ಕಾಲಮ್‌ನಲ್ಲಿ ನೀವು ಮಾಡುವ ಕೆಲಸ ಬರೆಯಬೇಕು. ಎರಡನೆಯದರಲ್ಲಿ ಅದಕ್ಕೆ ವಾರಕ್ಕೆ ಎಷ್ಟು ಗಂಟೆ. ಮೂರನೆಯದರಲ್ಲಿ ಡಾಕ್ಯುಮೆಂಟ್ ಎಲ್ಲಿದೆ. ನಾಲ್ಕನೆಯದರಲ್ಲಿ "ಬ್ಯಾಕಪ್ ಯಾರು", ಅಂದರೆ ನೀವಿಲ್ಲದಾಗ ಅದನ್ನು ಮಾಡುವವರು. ಆ ನಾಲ್ಕನೇ ಕಾಲಮ್‌ನಲ್ಲಿ ಪಕ್ಕದ ಸೀಟಿನವನ ಹೆಸರು ಬರೆದೆ. ಅವನೂ ನನ್ನ ಹೆಸರು ಬರೆದಿದ್ದಾನಂತೆ.

"ಇದೆಲ್ಲ ರೊಟೀನ್" ಅಂದರು ಮ್ಯಾನೇಜರ್. ಸೇರಿದಾಗಿನಿಂದ ಇಂಥ ಶೀಟ್ ನಾನಂತೂ ನೋಡಿಲ್ಲ. ಮನೆಯಲ್ಲಿ ಹೇಳಿದರೆ ಗಾಬರಿಯಾಗುತ್ತಾರೆ, ಅದಕ್ಕೆ ಹೇಳಿಲ್ಲ. ಇದರಲ್ಲಿ ಯಾವುದು ನಿಜವಾದ ಸೂಚನೆ, ಯಾವುದು ಬರೀ ನನ್ನ ಭಯ?

ಲೆಕ್ಕದಪುಸ್ತಕ

ನಾನು ಫೈನಾನ್ಸ್‌ನವನು. ಒಂದಕ್ಕಿಂತ ಹೆಚ್ಚು ಕಂಪನಿಗಳಲ್ಲಿ ಇದು ಒಳಗಿನಿಂದ ಹೇಗೆ ನಡೆಯುತ್ತದೆ ಅಂತ ನೋಡಿದ್ದೇನೆ. ಆ ಕ್ರಮ ಗೊತ್ತಿದ್ದರೆ ಯಾವ ಸೂಚನೆಯನ್ನು ಎಷ್ಟು ನಂಬಬೇಕು ಅಂತಲೂ ಗೊತ್ತಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಯಾರನ್ನು ತೆಗೆಯಬೇಕು ಅನ್ನುವ ಪಟ್ಟಿ ಮೊದಲು ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಮೊದಲು ಬರುವುದು ಒಂದು ಮೊತ್ತ. ಈ ವರ್ಷ ಇಷ್ಟು ಖರ್ಚು ಇಳಿಸಬೇಕು ಅಂತ ಮೇಲೆ ತೀರ್ಮಾನವಾಗುತ್ತದೆ. ಅದನ್ನು ವಿಭಾಗಗಳಿಗೆ ಹಂಚುತ್ತಾರೆ. ವಿಭಾಗದ ಮುಖ್ಯಸ್ಥರು ಮೊದಲು ಜನರನ್ನು ಮುಟ್ಟದೆ ಉಳಿಸಲು ನೋಡುತ್ತಾರೆ. ಪ್ರಯಾಣ, ಟ್ರೈನಿಂಗ್, ಸಾಫ್ಟ್‌ವೇರ್ ಲೈಸೆನ್ಸ್, ಖಾಲಿ ಹುದ್ದೆ, ಕಾಂಟ್ರ್ಯಾಕ್ಟ್ ಮೇಲೆ ಇರುವವರು. ಇದನ್ನೆಲ್ಲ ಕತ್ತರಿಸಿದರೂ ಮೊತ್ತ ತುಂಬದಿದ್ದರೆ ಆಗ ಹುದ್ದೆಗಳ ಲೆಕ್ಕ ಶುರು. ಯಾವ ಪ್ರಾಜೆಕ್ಟ್ ಮುಚ್ಚಬಹುದು, ಯಾವ ಎರಡು ತಂಡ ಸೇರಿಸಬಹುದು. ಹೆಸರು ಬರುವುದು ಅದರ ನಂತರ. ಹೆಸರಾದ ಮೇಲೆ ಲೀಗಲ್‌ನವರು ನೋಡುತ್ತಾರೆ, ಆಮೇಲೆ ತಾರೀಖು ನಿಗದಿ. ಎಷ್ಟೋ ಕಡೆ ಕೆಳಹಂತದ ಮ್ಯಾನೇಜರ್‌ಗೆ ಗೊತ್ತಾಗುವುದು ಕೊನೆಯ ಒಂದೆರಡು ದಿನದಲ್ಲಿ.

ಇದರಿಂದ ಏನು ಗೊತ್ತಾಗುತ್ತದೆ? ಮ್ಯಾನೇಜರ್ ಮುಖ ಬಾಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮುಖ ನೋಡಿ ಊಹಿಸುವವರು ತಡವಾಗಿ ಊಹಿಸುತ್ತಾರೆ. ದುಡ್ಡು ಎಲ್ಲಿ ನಿಲ್ಲುತ್ತಿದೆ ಅಂತ ನೋಡಿ. ಅದಕ್ಕಿಂತ ಮುಖ್ಯವಾಗಿ, ಸಹಿ ಹಾಕುವ ಅಧಿಕಾರ ಎಲ್ಲಿಗೆ ಹೋಗುತ್ತಿದೆ ನೋಡಿ. ನಿನ್ನೆಯವರೆಗೆ ನಿಮ್ಮ ಮ್ಯಾನೇಜರ್ ಓಕೆ ಅಂದರೆ ಸಾಕಿತ್ತು, ಈಗ ಅದೇ ಖರ್ಚಿಗೆ ಸಿಎಫ್‌ಒ (ಕಂಪನಿಯ ಹಣಕಾಸು ಮುಖ್ಯಸ್ಥರು) ಓಕೆ ಬೇಕು ಅಂದರೆ, ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಸೂಚನೆ ಇಲ್ಲ. ನಿಮ್ಮ ಟ್ರೈನಿಂಗ್ ವಿಷಯದಲ್ಲಿ ಆಗಿದ್ದು ಇದೇ ತಾನೇ?

ಇನ್ನು ಆ ಶೀಟ್. ಆಡಿಟ್‌ಗೂ ಇಂಥದ್ದು ಕೇಳುತ್ತಾರೆ, ಅದು ನಿಜ. ಆದರೆ ಆಡಿಟ್‌ನವರಿಗೆ ಬೇಕಾಗಿರುವುದು ಡಾಕ್ಯುಮೆಂಟ್ ಎಲ್ಲಿದೆ, ಬ್ಯಾಕಪ್ ಯಾರು ಅನ್ನುವುದು. ವಾರಕ್ಕೆ ಎಷ್ಟು ಗಂಟೆ ಅನ್ನುವುದು ಅವರಿಗೆ ಯಾಕೆ? ಗಂಟೆ ಕೂಡಿಸಿದರೆ ಬರುವುದು ಎಷ್ಟು ಜನ ಸಾಕು ಅನ್ನುವ ಲೆಕ್ಕ. ಆ ಮೇಲ್ ಯಾರು ಕಳಿಸಿದರು, ಸಿಸಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡಿ. ಕ್ವಾಲಿಟಿ ತಂಡದವರಾದರೆ ಒಂದು ಮಾತು. ಎಚ್‌ಆರ್ ಅಥವಾ ಹೊರಗಿನ ಕನ್ಸಲ್ಟೆಂಟ್ ಆದರೆ ಬೇರೆ ಮಾತು.

ಗಾಬರಿಬೇಡಪ್ಪ

ಸರ್, ನೀವು ಹೇಳಿದ್ದು ಸರಿ. ಆದರೆ ಇದನ್ನು ಓದಿದವರೆಲ್ಲ ಇವತ್ತು ರಾತ್ರಿ ನಿದ್ದೆ ಬಿಡುತ್ತಾರೆ.

ಖರ್ಚು ಬಿಗಿ ಮಾಡಿದ ಕಂಪನಿಗಳೆಲ್ಲ ಲೇಆಫ್ ಮಾಡುವುದಿಲ್ಲ. ಲೇಆಫ್ ತಪ್ಪಿಸಲೆಂದೇ ಖರ್ಚು ಬಿಗಿ ಮಾಡುವವರೂ ಇದ್ದಾರೆ. 2022ರಲ್ಲಿ ಆಪಲ್ ಕೂಡ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಧಾನ ಮಾಡಿತ್ತು. ಮೆಟಾ, ಅಮೆಜಾನ್, ಗೂಗಲ್ ಸಾವಿರಗಟ್ಟಲೆ ಜನರನ್ನು ಕಳಿಸಿದಾಗ ಅವರು ಆ ಮಟ್ಟದಲ್ಲಿ ಕಳಿಸಲಿಲ್ಲ. ಕಾಫಿ ಮಷಿನ್ ಕೆಟ್ಟು ನಿಂತರೂ ಲೇಆಫ್, ಬಾಸ್ ನಗಲಿಲ್ಲ ಅಂದರೂ ಲೇಆಫ್ ಅಂತ ಕೂತರೆ ಕೆಲಸ ಮಾಡುವುದು ಯಾವಾಗ?

ನಮ್ಮಲ್ಲಿ ಒಮ್ಮೆ ಎಲ್ಲ ಸೂಚನೆಯೂ ಇತ್ತು. ಹೈಕ್ ಇಲ್ಲ, ಪಾರ್ಟಿ ಇಲ್ಲ, ಮೀಟಿಂಗ್ ರೂಮ್ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಕೊನೆಗೆ ನೋಡಿದರೆ ಕಂಪನಿಯನ್ನು ಇನ್ನೊಬ್ಬರು ಕೊಳ್ಳುವ ಮಾತುಕತೆ ನಡೆದಿತ್ತು. ನಮ್ಮ ವಿಭಾಗದಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ.

ಹಳೇಕೀಬೋರ್ಡ್

@ಗಾಬರಿಬೇಡಪ್ಪ ಕೊಳ್ಳುವ ಮಾತುಕತೆಯೂ ಒಂದು ಸೂಚನೆಯೇ ಗುರು. ನಿಮ್ಮ ಅದೃಷ್ಟ ಚೆನ್ನಾಗಿತ್ತು. ಎರಡು ಕಂಪನಿ ಒಂದಾದರೆ ಎರಡು ಎಚ್‌ಆರ್, ಎರಡು ಅಕೌಂಟ್ಸ್, ಎರಡು ಐಟಿ ಸಪೋರ್ಟ್ ಇಟ್ಟುಕೊಳ್ಳುವವರು ಕಡಿಮೆ.

ನೀವೇ ಆ ವರ್ಷ ಎತ್ತಿದ್ದಕ್ಕೆ ಹೇಳುತ್ತೇನೆ. ಆಗ ನಡೆದಿದ್ದೆಲ್ಲ ಪೇಪರ್‌ನಲ್ಲೇ ಬಂದಿದೆ. ಮೆಟಾ 2022ರ ಸೆಪ್ಟೆಂಬರ್ ಕೊನೆಗೆ ನೇಮಕಾತಿ ನಿಲ್ಲಿಸುತ್ತೇವೆ ಅಂದಿತು. ನವೆಂಬರ್ 9ಕ್ಕೆ 11,000 ಜನರನ್ನು ತೆಗೆಯಿತು, ಅಂದರೆ ಸುಮಾರು ಶೇ 13. ಅಮೆಜಾನ್ ನವೆಂಬರ್ ಮೊದಲ ವಾರ ಕಾರ್ಪೊರೇಟ್ ನೇಮಕಾತಿ ನಿಲ್ಲಿಸಿತು, ಅದೇ ತಿಂಗಳ ಮಧ್ಯದಲ್ಲಿ ಲೇಆಫ್ ಶುರುವಾಯಿತು. ಗೂಗಲ್ ಜುಲೈನಲ್ಲೇ ನೇಮಕಾತಿ ನಿಧಾನ ಮಾಡುತ್ತೇವೆ ಅಂತ ಹೇಳಿತ್ತು. 12,000 ಹುದ್ದೆ ಕಡಿತದ ಮೇಲ್ ಬಂದಿದ್ದು 2023ರ ಜನವರಿ 20ಕ್ಕೆ. ಅಂದರೆ ಫ್ರೀಜ್ ಆದ ಮೇಲೆ ಎರಡು ವಾರವೂ ಇರಬಹುದು, ಆರು ತಿಂಗಳೂ ಇರಬಹುದು. ಆಪಲ್ ಥರ ಏನೂ ಆಗದೆಯೂ ಇರಬಹುದು.

ಇನ್ನೊಂದು. "ಕಂಪನಿ ಲಾಭದಲ್ಲಿದೆ, ನಮಗೇನೂ ಆಗಲ್ಲ" ಅನ್ನುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಹುದ್ದೆ ಕಡಿತ ಹೇಳಿದಾಗ ನಷ್ಟದಲ್ಲಿರಲಿಲ್ಲ. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಸೊನ್ನೆ ಹತ್ತಿರ ಇದ್ದ ಬಡ್ಡಿದರವನ್ನು ವರ್ಷದ ಕೊನೆಗೆ ಶೇ 4ರ ಮೇಲಕ್ಕೆ ತಂದಿತು. ಸಾಲ ದುಬಾರಿಯಾದಾಗ ಹೂಡಿಕೆದಾರರು ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಎಷ್ಟು ಬೆಳೆದಿರಿ ಅಂತ ಕೇಳುತ್ತಿದ್ದವರು ಎಷ್ಟು ಉಳಿಸಿದಿರಿ ಅಂತ ಕೇಳುತ್ತಾರೆ. ನಿಮ್ಮ ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಕ್ವಾರ್ಟರ್ ಫಲಿತಾಂಶದ ದಿನ ನಡೆಯುವ ಕಾಲ್‌ನಲ್ಲಿ ಅನಲಿಸ್ಟ್‌ಗಳು (ಷೇರು ವಿಶ್ಲೇಷಕರು) ಕೇಳುವ ಪ್ರಶ್ನೆ ಓದಿ. ಆ ಕಾಲ್‌ನ ಬರಹರೂಪ ಸಾಮಾನ್ಯವಾಗಿ ಎಲ್ಲರಿಗೂ ಸಿಗುತ್ತದೆ. ಟೌನ್‌ಹಾಲ್‌ನಲ್ಲಿ (ಇಡೀ ಕಂಪನಿಯ ಸಭೆಯಲ್ಲಿ) ನಿಮಗೆ ಹೇಳದ್ದನ್ನು ಅಲ್ಲಿ ಅವರಿಗೆ ಹೇಳಿರುತ್ತಾರೆ.

ಎರಡನೇಪಾಳಿ

ಇಲ್ಲಿ ಎಲ್ಲರೂ ಕಂಪ್ಯೂಟರ್ ಕಂಪನಿಯವರೇ ಇದ್ದ ಹಾಗಿದೆ. ಫ್ಯಾಕ್ಟರಿ ಮಾತು ನಾನು ಹೇಳುತ್ತೇನೆ.

ನಮ್ಮಲ್ಲಿ ಮೇಲ್ ಗೀಲ್ ಏನೂ ಬರುವುದಿಲ್ಲ. ಮೊದಲು ಓಟಿ (ಹೆಚ್ಚುವರಿ ಗಂಟೆಯ ದುಡಿಮೆ) ನಿಲ್ಲುತ್ತದೆ. ಆಮೇಲೆ ಕಾಂಟ್ರ್ಯಾಕ್ಟ್ ಹುಡುಗರು ಒಬ್ಬೊಬ್ಬರೇ ಬರುವುದು ನಿಲ್ಲಿಸುತ್ತಾರೆ. ಅವರನ್ನು ಯಾರೂ ಲೇಆಫ್ ಲೆಕ್ಕಕ್ಕೆ ಸೇರಿಸುವುದೇ ಇಲ್ಲ, ಅದೊಂದು ಬೇಜಾರು. ಮೂರು ಶಿಫ್ಟ್ ಇದ್ದದ್ದು ಎರಡಾಗುತ್ತದೆ. ಕಚ್ಚಾ ಮಾಲು ಮೊದಲು ತಿಂಗಳಿಗಾಗುವಷ್ಟು ತರಿಸುತ್ತಿದ್ದರು, ಈಗ ವಾರಕ್ಕಾಗುವಷ್ಟು. ಇನ್ನೊಂದು ಕಡೆ ರೆಡಿಯಾದ ಮಾಲು ಗೋಡೌನ್‌ನಿಂದ ಹೊರಗೆ ಹೋಗುವುದಿಲ್ಲ.

ನಾನು ಎಲ್ಲಕ್ಕಿಂತ ಮೊದಲು ಗಮನಿಸುವುದು ಮೆಂಟೇನೆನ್ಸ್. ನಮ್ಮ ಲೈನ್‌ನಲ್ಲಿ ಒಂದು ಪ್ರೆಸ್ ಮಷಿನ್ ಸರ್ವಿಸ್‌ಗೆ ಬಂದಿತ್ತು. ಪಕ್ಕದಲ್ಲಿ ತೂಗುಹಾಕಿರುವ ಕಾರ್ಡ್‌ನಲ್ಲಿ ತಾರೀಖು ದಾಟಿತ್ತು. ಆಯಿಲ್ ಸೋರಿ ಕೆಳಗೆ ಟ್ರೇ ಇಟ್ಟಿದ್ದರು. ಸೂಪರ್‌ವೈಸರ್‌ನ ಕೇಳಿದರೆ "ಓಡೋವರೆಗೆ ಓಡಲಿ ಬಿಡು" ಅಂದರು. ಮೊದಲು ಇದೇ ಮನುಷ್ಯ ಒಂದು ನಟ್ ಸಡಿಲವಾದರೂ ಕೂಗಾಡುತ್ತಿದ್ದರು. ಮಷಿನ್ ಮುಂದಿನ ವರ್ಷಕ್ಕೆ ಬೇಕು ಅನ್ನುವವರು ಹಾಗೆ ಮಾತಾಡುವುದಿಲ್ಲ ಅಲ್ವಾ? ಆ ಲೈನ್ ಮುಚ್ಚಿದರು. ನನ್ನನ್ನು ಬೇರೆ ಲೈನ್‌ಗೆ ಹಾಕಿದರು, ಕೆಲವರಿಗೆ ಅದೂ ಸಿಗಲಿಲ್ಲ.

ಸಾಲುಮರ

@ಲೆಕ್ಕದಪುಸ್ತಕ ಸರ್, ಮೇಲ್ ನೋಡಿದೆ. ಕಳಿಸಿರುವುದು ನಮ್ಮ ಡೆಲಿವರಿ ಹೆಡ್. ಸಿಸಿಯಲ್ಲಿ ಎಚ್‌ಆರ್‌ನಿಂದ ಒಬ್ಬರಿದ್ದಾರೆ. ಕ್ವಾಲಿಟಿಯವರು ಯಾರೂ ಇಲ್ಲ.

@ಎರಡನೇಪಾಳಿ ಅಣ್ಣ, ನೀವು ಹೇಳಿದ್ದು ಓದಿ ನಮ್ಮಲ್ಲೂ ಅಂಥದ್ದೇ ಒಂದು ನೆನಪಾಯಿತು. ಟೆಸ್ಟಿಂಗ್ ಟೂಲ್‌ನ ಲೈಸೆನ್ಸ್ ಯಾವಾಗಲೂ ವರ್ಷಕ್ಕೆ ಕಟ್ಟುತ್ತಿದ್ದರು. ಈ ಸಲ ಮೂರು ತಿಂಗಳಿಗೆ ಮಾತ್ರ ರಿನ್ಯೂ ಮಾಡಿದ್ದಾರೆ. ವರ್ಷದ್ದಕ್ಕಿಂತ ತಿಂಗಳ ಲೆಕ್ಕದಲ್ಲಿ ಜಾಸ್ತಿ ಬೀಳುತ್ತದೆ, ಆದರೂ.

ಲೆಕ್ಕದಪುಸ್ತಕ

ಇದು ನಿಮ್ಮ ಶೀಟ್‌ಗಿಂತ ದೊಡ್ಡ ವಿಷಯ. ದುಬಾರಿಯಾದರೂ ಪರವಾಗಿಲ್ಲ, ಉದ್ದಕ್ಕೆ ಕಟ್ಟಿಹಾಕಿಕೊಳ್ಳುವುದು ಬೇಡ ಅಂತ ಯಾರೋ ತೀರ್ಮಾನ ಮಾಡಿದ್ದಾರೆ. ಆ ಟೂಲ್ ಬದಲಿಸುವ ಯೋಚನೆಯೂ ಇರಬಹುದು. ಹಾಗಿದ್ದರೆ ಹೊಸ ಟೂಲ್‌ನ ಡೆಮೊ ನಿಮ್ಮ ತಂಡಕ್ಕೆ ತೋರಿಸಿರಬೇಕಲ್ಲ. ತೋರಿಸಿಲ್ಲ ಅಂದರೆ ನಾನು ಅದನ್ನು ಹಳದಿ ದೀಪ ಅಂತಲೇ ಓದುತ್ತೇನೆ.

ಒಂದು ಸೂಚನೆಯಿಂದ ಏನೂ ಹೇಳಲು ಬರುವುದಿಲ್ಲ, @ಗಾಬರಿಬೇಡಪ್ಪ ಹೇಳಿದ್ದು ಅಲ್ಲಿಗೆ ಸರಿ. ಒಂದಕ್ಕೊಂದು ಸಂಬಂಧವಿಲ್ಲದ ಕಡೆಗಳಿಂದ, ಹತ್ತಿರ ಹತ್ತಿರದ ಸಮಯದಲ್ಲಿ ಬಂದರೆ ಮಾತ್ರ ನಾನು ಎಣಿಸುತ್ತೇನೆ. ನಿಮ್ಮಲ್ಲಿ ನೇಮಕಾತಿ, ಟ್ರೈನಿಂಗ್, ಲೈಸೆನ್ಸ್, ಎಚ್‌ಆರ್ ಸಿಸಿಯಲ್ಲಿರುವ ಶೀಟ್, ಇಷ್ಟೂ ಬೇರೆ ಬೇರೆ ಕಡೆಯಿಂದ ಬಂದಿವೆ.

ರನ್‌ವೇ

ಸ್ಟಾರ್ಟಪ್‌ಗಳಲ್ಲಿ ಇಷ್ಟೆಲ್ಲ ಸೂಕ್ಷ್ಮ ಇರುವುದಿಲ್ಲ. ಸಂಬಳ ಒಂದನೇ ತಾರೀಖಿನಿಂದ ಐದಕ್ಕೆ ಜಾರುತ್ತದೆ. ಆಫೀಸಿಗೆ ಕೈಯಿಂದ ಹಾಕಿದ ದುಡ್ಡು (ರೀಇಂಬರ್ಸ್‌ಮೆಂಟ್) ವಾಪಸ್ ಬರುವುದಿಲ್ಲ. ಸಪ್ಲೈಯರ್‌ಗಳು ಅಕೌಂಟ್ಸ್‌ನವರಿಗೆ ಬಿಟ್ಟು ನಿಮಗೆ ಫೋನ್ ಮಾಡಿ "ನಮ್ಮ ಬಿಲ್ ಏನಾಯಿತು" ಅಂತ ಕೇಳುತ್ತಾರೆ. ಸ್ಥಾಪಕರು "ಮುಂದಿನ ಫಂಡಿಂಗ್ ರೌಂಡ್ ಇನ್ನೇನು ಆಯಿತು" ಅನ್ನುವುದು ಎರಡನೇ ಕ್ವಾರ್ಟರ್‌ಗೂ ಮುಂದುವರಿದರೆ ಲೆಕ್ಕ ಬಹಳ ಸರಳ. ಬ್ಯಾಂಕಿನಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅಷ್ಟು ತಿಂಗಳು ಕಂಪನಿ ಇರುತ್ತದೆ. ಟೌನ್‌ಹಾಲ್‌ನಲ್ಲಿ ಇದನ್ನು ನೇರವಾಗಿ ಕೇಳಿ. ಸರಿ ಇರುವ ಸ್ಥಾಪಕರು ಉತ್ತರ ಹೇಳುತ್ತಾರೆ.

ಸಂಬಳದಿಂದ ಹಿಡಿದುಕೊಂಡ ಟ್ಯಾಕ್ಸ್, ಪಿಎಫ್ ನಿಜವಾಗಿ ಕಟ್ಟುತ್ತಿದ್ದಾರಾ ಅಂತಲೂ ನೋಡಿಕೊಳ್ಳಿ. ಪೇಸ್ಲಿಪ್‌ನಲ್ಲಿ ಕಡಿತ ತೋರಿಸಿ ಸರ್ಕಾರಕ್ಕೆ ಕಟ್ಟದಿದ್ದರೆ ಅಲ್ಲಿ ಇರುವುದೇ ಅಪಾಯ, ಲೇಆಫ್ ಆಮೇಲಿನ ಮಾತು.

ಎಚ್‌ಆರ್‌_ಬಿಟ್ಟವಳು

ಹೆಸರು ನೋಡಿ ಬೈಯಬೇಡಿ. ಆ ಕಡೆಯಿಂದ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಕೊನೆಯ ವಾರದ ಸೂಚನೆಗಳು ಹೆಚ್ಚಾಗಿ ಕ್ಯಾಲೆಂಡರ್‌ನಲ್ಲಿ ಸಿಗುತ್ತವೆ. ಎಚ್‌ಆರ್ ತಂಡದ ಎಲ್ಲರೂ ಒಂದೇ ದಿನ ಇಡೀ ದಿನ ಬ್ಯುಸಿ. ಯಾವಾಗಲೂ ಖಾಲಿ ಇರುವ ಸಣ್ಣ ಮೀಟಿಂಗ್ ರೂಮುಗಳು ಬೆಳಗ್ಗೆಯಿಂದ ಸಂಜೆವರೆಗೆ ಬುಕ್. ಮ್ಯಾನೇಜರ್ ಜೊತೆಗಿನ ನಿಮ್ಮ ತಿಂಗಳ ಒನ್-ಆನ್-ಒನ್ ಮಾತುಕತೆ ರದ್ದು. ಆಮೇಲೆ ಹದಿನೈದು ನಿಮಿಷದ ಒಂದು ಇನ್ವೈಟ್. ವಿಷಯದ ಜಾಗದಲ್ಲಿ "ಕ್ವಿಕ್ ಅಪ್‌ಡೇಟ್" ಅಂತ ಮಾತ್ರ. ಅಜೆಂಡಾ ಇಲ್ಲ, ಬೇರೆಯವರಿಗೆ ಫಾರ್ವರ್ಡ್ ಮಾಡಲು ಬರುವುದಿಲ್ಲ, ಇನ್ನು ಯಾರು ಬರುತ್ತಾರೆ ಅನ್ನುವುದೂ ಕಾಣುವುದಿಲ್ಲ. ಅದು ಬಂದಾಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ @ಲೆಕ್ಕದಪುಸ್ತಕ ಹೇಳಿದ ಸೂಚನೆಗಳು ನನಗೆ ಜಾಸ್ತಿ ಉಪಯೋಗ ಅನ್ನಿಸುತ್ತವೆ. ನಮ್ಮ ಕ್ಯಾಲೆಂಡರ್ ನೋಡಿ ನೀವು ಗಳಿಸುವುದು ಎರಡು ದಿನದ ಹೊಟ್ಟೆನೋವು ಅಷ್ಟೇ.

ಕೆಲವು ಕಡೆ ಇನ್ವೈಟ್ ಕೂಡ ಇರುವುದಿಲ್ಲ. 2022ರ ನವೆಂಬರ್ 4ರಂದು ಟ್ವಿಟರ್‌ನಲ್ಲಿ ಕೆಲಸ ಉಳಿದವರಿಗೆ ಆಫೀಸ್ ಮೇಲ್‌ಗೆ, ಹೋದವರಿಗೆ ಸ್ವಂತ ಮೇಲ್‌ಗೆ ತಿಳಿಸುತ್ತೇವೆ ಅಂದಿದ್ದರು. ಆಫೀಸ್ ಬಾಗಿಲನ್ನೂ ಮುಚ್ಚಿದ್ದರು. ಎಚ್‌ಆರ್ ದಾಖಲೆಯಲ್ಲಿ ನಿಮ್ಮ ಸ್ವಂತ ಮೇಲ್ ಮತ್ತು ಫೋನ್ ನಂಬರ್ ಸರಿಯಾಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಸಣ್ಣ ವಿಷಯ, ಆದರೆ ಹಳೆಯ ಮೇಲ್‌ಗೆ ಪತ್ರ ಹೋಗಿ ಒದ್ದಾಡಿದವರನ್ನು ಕಂಡಿದ್ದೇನೆ.

ಇನ್ನೊಂದು ಸೂಚನೆ ಯಾರೂ ಹೇಳಲಿಲ್ಲ. ಇದ್ದಕ್ಕಿದ್ದಂತೆ ಬಹಳ ಜನಕ್ಕೆ ಪಿಐಪಿ, ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿ ಅನ್ನುವ ಎಚ್ಚರಿಕೆ. ನಿನ್ನೆಯವರೆಗೆ ಒಳ್ಳೆಯ ರೇಟಿಂಗ್ ಇದ್ದವರಿಗೂ ಈ ಸಲ ಕಡಿಮೆ. ಅದು ಲೇಆಫ್ ಅಂತ ಹೆಸರಿಡದೆ ಜನರನ್ನು ಕಡಿಮೆ ಮಾಡುವ ದಾರಿ. ಪೇಪರ್‌ನಲ್ಲಿ ಬರುವುದಿಲ್ಲ, ಪರಿಹಾರವೂ ಕೊಡಬೇಕಿಲ್ಲ. ಮನೆಯಿಂದ ಕೆಲಸ ಮಾಡುತ್ತಿದ್ದವರಿಗೆ ವಾರದಲ್ಲಿ ಐದು ದಿನವೂ ಬನ್ನಿ, ಬೇರೆ ಊರಿನ ಆಫೀಸಿಗೆ ಹೋಗಿ ಅನ್ನುವುದೂ ಕೆಲವು ಸಲ ಇದೇ ಲೆಕ್ಕಾಚಾರ. ಎಷ್ಟು ಜನ ತಾವಾಗಿಯೇ ಬಿಡುತ್ತಾರೆ ನೋಡೋಣ ಅಂತ.

ಗಾಬರಿಬೇಡಪ್ಪ

ಮೇಡಂ, ನೇರವಾಗಿ ಕೇಳುತ್ತೇನೆ. ಹೆಸರು ಆರಿಸುವಾಗ ಚೆನ್ನಾಗಿ ಕೆಲಸ ಮಾಡುವವರನ್ನು ಉಳಿಸುತ್ತಾರಾ ಇಲ್ವಾ?

ಎಚ್‌ಆರ್‌_ಬಿಟ್ಟವಳು

ಕೆಲವು ಸಲ ಉಳಿಸುತ್ತಾರೆ. ಆದರೆ ಇಡೀ ಪ್ರಾಜೆಕ್ಟ್ ಮುಚ್ಚಿದರೆ ಅದರಲ್ಲಿ ಯಾರು ಚೆನ್ನಾಗಿದ್ದರು ಅಂತ ನೋಡುವ ಪುರಸೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ನಿಮ್ಮ ರೇಟಿಂಗ್‌ಗಿಂತ ನಿಮ್ಮ ಪ್ರಾಜೆಕ್ಟ್ ಮುಂದಿನ ವರ್ಷದ ಪ್ಲಾನ್‌ನಲ್ಲಿ ಇದೆಯಾ ಅನ್ನುವುದು ಮುಖ್ಯ. ಸರ್ವಿಸ್ ಕಂಪನಿಯಾದರೆ ಕ್ಲೈಂಟ್ ನಿಮ್ಮ ಹುದ್ದೆಗೆ ದುಡ್ಡು ಕೊಡುತ್ತಿದ್ದಾರಾ, ಇಲ್ಲ ನೀವು ಬೆಂಚ್ ಮೇಲಿದ್ದೀರಾ (ಯಾವ ಪ್ರಾಜೆಕ್ಟೂ ಇಲ್ಲದೆ ಕೂತಿದ್ದೀರಾ) ಅನ್ನುವುದು.

ಮಧ್ಯದಕೊಂಡಿ

ನಾನು ಹನ್ನೆರಡು ಜನರ ತಂಡದ ಮ್ಯಾನೇಜರ್. ನಮ್ಮ ಪರವಾಗಿ ಒಂದು ಮಾತು.

ಗೊತ್ತಿದ್ದರೂ ಹೇಳುವ ಹಾಗಿಲ್ಲ. ಬರೆಸಿಕೊಂಡಿರುತ್ತಾರೆ. "ಲೇಆಫ್ ಇದೆಯಾ" ಅಂತ ಕೇಳಿದರೆ ಎಲ್ಲರಿಂದಲೂ ಬರುವುದು "ನನಗೆ ಗೊತ್ತಿರುವ ಹಾಗೆ ಇಲ್ಲ" ಅನ್ನುವ ಉತ್ತರ. ಅದಕ್ಕೆ ಬೇರೆ ಥರ ಕೇಳಿ. "ಮುಂದಿನ ಎರಡು ಕ್ವಾರ್ಟರ್‌ನಲ್ಲಿ ನಮ್ಮ ತಂಡ ಏನು ಮಾಡಬೇಕು?" "ನಾನು ಈ ಕೋರ್ಸ್ ಮಾಡಿದರೆ ಇಲ್ಲಿ ಉಪಯೋಗಕ್ಕೆ ಬರುತ್ತದಾ?" ಪ್ಲಾನ್ ಇದ್ದರೆ ಮ್ಯಾನೇಜರ್ ವಿವರ ಹೇಳುತ್ತಾರೆ, ಯಾಕೆಂದರೆ ಹೇಳಲು ಇರುತ್ತದೆ. ಇಲ್ಲದಿದ್ದರೆ ಮಾತು ತೇಲುತ್ತದೆ. ನನ್ನ ಹತ್ತಿರ ಒಬ್ಬ ಹುಡುಗ ಹೀಗೇ ಕೇಳಿದ. "ಕೋರ್ಸ್ ಮಾಡು, ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ "ಆಯ್ತು ಸರ್, ಅರ್ಥ ಆಯಿತು" ಅಂದ. ಅರ್ಥವಾಗಿತ್ತು ಅವನಿಗೆ.

ಕಲಂಕಾರ

ಕಾನೂನಿನ ಬಗ್ಗೆ ಸ್ವಲ್ಪ. ದೇಶ ದೇಶಕ್ಕೆ ಬೇರೆ, ಆದರೆ ಕೆಲವು ಕಡೆ ಕಾನೂನೇ ನಿಮಗೆ ಮುಂಚೆ ಸೂಚನೆ ಕೊಡುತ್ತದೆ.

ಅಮೆರಿಕದಲ್ಲಿ 1988ರ ವಾರ್ನ್ ಕಾಯ್ದೆ ಇದೆ. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಲೇಆಫ್ ಮಾಡುವಾಗ 60 ದಿನ ಮೊದಲೇ ನೋಟಿಸ್ ಕೊಡಬೇಕು. ನೋಟಿಸ್ ರಾಜ್ಯ ಸರ್ಕಾರಕ್ಕೂ ಹೋಗುತ್ತದೆ, ಬಹಳಷ್ಟು ರಾಜ್ಯಗಳು ಅದನ್ನು ವೆಬ್‌ಸೈಟ್‌ನಲ್ಲೇ ಹಾಕುತ್ತವೆ. ಬ್ರಿಟನ್‌ನಲ್ಲಿ ಒಂದೇ ಕಡೆ 90 ದಿನದೊಳಗೆ 20 ಅಥವಾ ಹೆಚ್ಚು ಜನರನ್ನು ತೆಗೆಯುವುದಿದ್ದರೆ ನೌಕರರ ಪ್ರತಿನಿಧಿಗಳ ಜೊತೆ ಮೊದಲೇ ಮಾತಾಡಲೇಬೇಕು. ಮೊದಲ ವ್ಯಕ್ತಿ ಹೊರಗೆ ಹೋಗುವುದಕ್ಕೆ ಕನಿಷ್ಠ 30 ದಿನ ಮುಂಚೆ, 100 ಅಥವಾ ಹೆಚ್ಚಿದ್ದರೆ 45 ದಿನ ಮುಂಚೆ. ಭಾರತದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಅಂತ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದು ಉಳಿದಿದೆ. ಆದರೆ ಮ್ಯಾನೇಜರ್ ಹುದ್ದೆಯವರು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಜನರನ್ನು ತೆಗೆಯಲು ಫ್ಯಾಕ್ಟರಿಗೆ ಸರ್ಕಾರದ ಅನುಮತಿ ಬೇಕಾಗುವ ಮಿತಿಯೂ 100ರಿಂದ 300 ಕಾರ್ಮಿಕರಿಗೆ ಏರಿದೆ.

ಎಲ್ಲಿದ್ದರೂ ಒಂದು ವಿಷಯ ಮಾತ್ರ ಒಂದೇ. "ನೀವೇ ರಾಜೀನಾಮೆ ಕೊಡಿ, ನಿಮ್ಮ ರೆಕಾರ್ಡ್‌ಗೆ ಒಳ್ಳೆಯದು" ಅಂದರೆ ಅಲ್ಲೇ ಸಹಿ ಹಾಕಬೇಡಿ. ತಾವಾಗಿಯೇ ಬಿಟ್ಟವರಿಗೆ ಲೇಆಫ್ ಪರಿಹಾರ ಸಾಮಾನ್ಯವಾಗಿ ಇರುವುದಿಲ್ಲ. ಪತ್ರ ಕೊಡಿ, ಓದಿ ಹೇಳುತ್ತೇನೆ ಅನ್ನಿ. ಅಮೆರಿಕದಲ್ಲಿ ಗುಂಪಾಗಿ ತೆಗೆಯುವಾಗ, ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಕೇಳಿದರೆ, 40 ವರ್ಷ ತುಂಬಿದವರಿಗೆ ಯೋಚಿಸಲು 45 ದಿನ ಕೊಡಬೇಕು. ಬೇರೆ ಕಡೆ ಇಷ್ಟು ಸ್ಪಷ್ಟವಾಗಿ ಇಲ್ಲದಿರಬಹುದು. ಆದರೆ ಹದಿನೈದು ನಿಮಿಷದ ಮೀಟಿಂಗ್‌ನಲ್ಲೇ ಸಹಿ ಹಾಕಬೇಕು ಅನ್ನುವ ಕಾನೂನು ನನಗೆ ತಿಳಿದಂತೆ ಎಲ್ಲೂ ಇಲ್ಲ.

ಹಳೇಕೀಬೋರ್ಡ್

ಮೇಲಿನದಕ್ಕೆ ಸೇರಿಸುತ್ತೇನೆ. ಒಂದು ರೌಂಡ್‌ನಲ್ಲಿ ಉಳಿದುಕೊಂಡೆವು ಅಂದರೆ ಮುಗಿಯಿತು ಅಂತಲ್ಲ. ಮೆಟಾ 2022ರ ನವೆಂಬರ್ ಆದ ಮೇಲೆ 2023ರ ಮಾರ್ಚ್‌ನಲ್ಲಿ ಇನ್ನೂ 10,000 ಅಂದಿತು. ಅಮೆಜಾನ್ 18,000 ಅಂತ ಹೇಳಿದ ಮೇಲೆ ಮಾರ್ಚ್‌ನಲ್ಲಿ ಮತ್ತೆ 9,000. "ಇನ್ನು ಮುಂದೆ ಇಲ್ಲ" ಅಂತ ಟೌನ್‌ಹಾಲ್‌ನಲ್ಲಿ ಸ್ಪಷ್ಟವಾಗಿ ಹೇಳದೆ "ಸದ್ಯಕ್ಕೆ ಇಲ್ಲ" ಅಂದರೆ ಆ ಸದ್ಯಕ್ಕೆಯನ್ನು ನೆನಪಿಟ್ಟುಕೊಳ್ಳಿ.

ಸಾಲುಮರ

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. @ಮಧ್ಯದಕೊಂಡಿ ಸರ್ ಹೇಳಿದ ಹಾಗೆ ಮುಂದಿನ ಎರಡು ಕ್ವಾರ್ಟರ್ ಬಗ್ಗೆ ಕೇಳಿದೆ. "ಈ ರಿಲೀಸ್ ಮುಗಿಯಲಿ, ಆಮೇಲೆ ಕೂತು ಮಾತಾಡೋಣ" ಅಂದರು. ಮಾತು ತೇಲಿತು.

ಸರಿ, ಈಗ ಏನು ಮಾಡಲಿ? ರಾಜೀನಾಮೆ ಕೊಟ್ಟು ಬೇರೆ ಕಡೆ ಹುಡುಕುವುದು ಒಳ್ಳೆಯದಾ?

ಲೆಕ್ಕದಪುಸ್ತಕ

ಬೇರೆ ಆಫರ್ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಕೆಲಸದಲ್ಲಿದ್ದುಕೊಂಡೇ ಹುಡುಕಿ. ಲೇಆಫ್ ಆದರೂ ನೋಟಿಸ್ ಸಂಬಳ, ಪರಿಹಾರ ಏನಾದರೂ ಕೈಗೆ ಬರುತ್ತದೆ. ಗೂಗಲ್ 2023ರಲ್ಲಿ ಅಮೆರಿಕದ ನೌಕರರಿಗೆ 16 ವಾರದ ಸಂಬಳ, ಮೇಲೆ ಪ್ರತಿ ವರ್ಷದ ಸೇವೆಗೆ ಎರಡು ವಾರ ಕೊಟ್ಟಿತ್ತು. ಎಲ್ಲರೂ ಅಷ್ಟು ಕೊಡುವುದಿಲ್ಲ. ಆದರೂ ತಾವೇ ಬಿಟ್ಟುಹೋದವರಿಗೆ ಸಿಗುವುದಕ್ಕಿಂತ ಜಾಸ್ತಿ.

ಕಾಗದಪತ್ರ ಒಟ್ಟು ಮಾಡಿ. ಅಪಾಯಿಂಟ್‌ಮೆಂಟ್ ಲೆಟರ್, ಪೇಸ್ಲಿಪ್, ಅಪ್ರೈಸಲ್ ಪತ್ರ, ಟ್ಯಾಕ್ಸ್ ಕಾಗದ, ರಜೆ ಎಷ್ಟಿದೆ ಅನ್ನುವ ಸ್ಕ್ರೀನ್. ಲಾಗಿನ್ ಹೋದ ಮೇಲೆ ಇವಕ್ಕೆ ಎಚ್‌ಆರ್ ಹಿಂದೆ ಅಲೆಯಬೇಕು. ಬಾಕಿ ಕ್ಲೈಮ್‌ಗಳನ್ನು ಈಗಲೇ ಹಾಕಿ. ಕಂಪನಿಯ ಕೋಡ್, ಕ್ಲೈಂಟ್ ಫೈಲ್ ಮಾತ್ರ ಮುಟ್ಟಲೇಬೇಡಿ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ದು ಸಿಕ್ಕಿಬಿದ್ದರೆ ಲೇಆಫ್ ಹೋಗಿ ಡಿಸ್ಮಿಸ್ ಆಗುತ್ತದೆ.

ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಮುಗಿಯಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ, ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಸ್ವಂತದ್ದೊಂದು ಮಾಡಿಸುವ ಬಗ್ಗೆ ಇವತ್ತೇ ವಿಚಾರಿಸಿ. ಎಷ್ಟೋ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. ದೊಡ್ಡ ಸಾಲ, ಹೊಸ ಇಎಂಐ ಸದ್ಯಕ್ಕೆ ಬೇಡ.

ಮತ್ತೆ, ಮನೆಯಲ್ಲಿ ಹೇಳಿ. ಗಾಬರಿ ಆಗುತ್ತಾರೆ, ಆಗಲಿ. ಖರ್ಚು ಹಿಡಿಯುವುದು ಒಬ್ಬರಿಂದ ಆಗುವ ಕೆಲಸ ಅಲ್ಲ.

ಎರಡನೇಪಾಳಿ

ಕೊನೆಯ ಮಾತಿಗೆ ನನ್ನದೂ ಓಟು. ನನ್ನ ಹೆಂಡತಿಗೆ ನನಗಿಂತ ಮೊದಲೇ ಗೊತ್ತಾಗಿತ್ತು, ಓಟಿ ದುಡ್ಡು ಬರುತ್ತಿರಲಿಲ್ಲವಲ್ಲ.

ಗಾಬರಿಬೇಡಪ್ಪ

ನಾನು ಈಗಲೂ ಹೇಳುತ್ತೇನೆ, ಇವರದ್ದು ಲೇಆಫ್ ಆಗದೆಯೂ ಇರಬಹುದು. ಆದರೆ ಪೇಸ್ಲಿಪ್ ಇಳಿಸಿಕೊಳ್ಳುವುದರಲ್ಲಿ, ರೆಸ್ಯೂಮೆ ಸರಿ ಮಾಡಿಕೊಳ್ಳುವುದರಲ್ಲಿ ನಷ್ಟ ಏನೂ ಇಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನಾನೂ ಈಗಷ್ಟೇ ಇಳಿಸಿಕೊಂಡೆ, ನಗಬೇಡಿ.

ಸಾಲುಮರ

ಇವತ್ತು ರಾತ್ರಿ ಮನೆಯಲ್ಲಿ ಹೇಳುತ್ತೇನೆ. ಇನ್ನೊಂದೇ ಪ್ರಶ್ನೆ. ಲಿಂಕ್ಡ್‌ಇನ್‌ನಲ್ಲಿ "ಓಪನ್ ಟು ವರ್ಕ್" ಹಾಕಿದರೆ ನಮ್ಮ ಎಚ್‌ಆರ್‌ಗೆ ಗೊತ್ತಾಗುತ್ತದಾ?

ಎಚ್‌ಆರ್‌_ಬಿಟ್ಟವಳು

ಫೋಟೋ ಸುತ್ತ ಬರುವ ಹಸಿರು ಪಟ್ಟಿ ಎಲ್ಲರಿಗೂ ಕಾಣುತ್ತದೆ, ಅದು ಬೇಡ. "ರಿಕ್ರೂಟರ್‌ಗಳಿಗೆ ಮಾತ್ರ" ಅನ್ನುವ ಇನ್ನೊಂದು ಆಯ್ಕೆ ಇದೆ. ಅದರಲ್ಲಿ ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ನೋಡಿಕೊಳ್ಳುತ್ತಾರೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ ಅಂತ ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಅದಕ್ಕಿಂತ, ಬಿಟ್ಟುಹೋದ ಆ ಇಬ್ಬರಿಗೆ ಫೋನ್ ಮಾಡಿ. ಅವರ ಹೊಸ ಕಂಪನಿಯಲ್ಲಿ ಟೆಸ್ಟಿಂಗ್‌ಗೆ ಜನ ಬೇಕಾ ಅಂತ ಕೇಳಿ. ರೆಫರಲ್ ಬೋನಸ್ ಇದ್ದರೆ ಅವರೇ ಖುಷಿಯಿಂದ ನಿಮ್ಮ ರೆಸ್ಯೂಮೆ ಹಾಕುತ್ತಾರೆ.